ರಜೆಯ ಆಟೋ ರಿಪ್ಲೈ ಹೋಗುತ್ತಿಲ್ಲವೇ? ಪೋಸ್ಟ್‌ಫಿಕ್ಸ್, ಡವ್‌ಕಾಟ್ ಸರ್ವರ್‌ನಲ್ಲಿ ದೋಷ ಹುಡುಕುವ ದಾರಿ

ದಸರಾ ರಜೆಯ ನಡುವೆ ಒಂದು ಬೆಳಿಗ್ಗೆ ನಮ್ಮ ಅಕೌಂಟ್ಸ್ ಮೇಡಂ ಊರಿಂದ ಫೋನ್ ಮಾಡಿದರು.

"ಸರ್, ರಜೇಲಿದೀನಿ ಅಂತ ಆಟೋ ರಿಪ್ಲೈ ಹಾಕಿ ಬಂದಿದ್ನಲ್ಲ, ಅದು ಹೋಗ್ತಾನೇ ಇಲ್ವಂತೆ. ಡೀಲರ್ ಒಬ್ಬರು ಮೂರು ಮೇಲ್ ಹಾಕಿದ್ರಂತೆ. ಉತ್ತರಾನೂ ಇಲ್ಲ ಏನೂ ಇಲ್ಲ ಅಂತ ರೇಗಾಡಿದ್ರು."

"ಒಂದ್ನಿಮಿಷ ಮೇಡಂ, ನೋಡ್ತೀನಿ" ಅಂದೆ. ನನ್ನ ಸ್ವಂತ ಜಿಮೇಲ್‌ನಿಂದ ಅವರ ವಿಳಾಸಕ್ಕೆ ಒಂದು ಮೇಲ್ ಹಾಕಿದೆ. ಐದೇ ಸೆಕೆಂಡಿಗೆ ಮೊಬೈಲ್ ಟಿಂಗ್ ಅಂತು. ಉತ್ತರ ಬಂದಿತ್ತು. ತೆರೆದು ಓದಲಿಲ್ಲ. ಬಂತಲ್ಲ, ಸಾಕು ಅಂದುಕೊಂಡೆ. ಆ ಸೋಮಾರಿತನದ ಕಥೆ ಕೊನೆಯಲ್ಲಿ ಬರುತ್ತದೆ.

"ನನಗೆ ಬಂತಲ್ಲ ಮೇಡಂ."

"ಹಾಗಾದ್ರೆ ಅವರಿಗೆ ಯಾಕೆ ಬರ್ಲಿಲ್ಲ ಸರ್?"

ಸರಿಯಾದ ಪ್ರಶ್ನೆ. ಇಂಥ ದೂರು ಬಂದಾಗೆಲ್ಲ ನಾನು ಕಂಡಿದ್ದು ಇಷ್ಟೇ: ಹೆಚ್ಚಿನ ಸಲ ಸರ್ವರ್ ಕೆಟ್ಟಿರುವುದಿಲ್ಲ. ಅದು ಬೇಕಂತಲೇ ಬಾಯಿ ಮುಚ್ಚಿಕೊಂಡಿರುತ್ತದೆ. ಯಾಕೆ ಅಂತ ಲಾಗ್‌ನಲ್ಲಿ, ಅಂದರೆ ತನ್ನ ದಿನಚರಿ ಫೈಲ್‌ನಲ್ಲಿ, ಬರೆದೂ ಇಟ್ಟಿರುತ್ತದೆ. ನಾವು ಅದನ್ನು ಓದದೆ ಸೀದಾ ಕಾನ್ಫಿಗ್ ಫೈಲ್ ಕೆದಕಲು ಕೂರುತ್ತೇವೆ.

ಮುಂದೆ ಬರೆದಿರುವುದು ಒಂದು ಮಾಮೂಲಿ ಜೋಡಣೆಯ ಬಗ್ಗೆ. ಹೊರಗಿನಿಂದ ಮೇಲ್ ತೆಗೆದುಕೊಳ್ಳುವುದು ಪೋಸ್ಟ್‌ಫಿಕ್ಸ್. ಅದನ್ನು ಎಲ್‌ಎಂಟಿಪಿ (ಸರ್ವರ್ ಒಳಗೆ ಮೇಲ್ ದಾಟಿಸುವ ಪ್ರೋಟೋಕಾಲ್) ಮೂಲಕ, ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಡವ್‌ಕಾಟ್‌ಗೆ ಕೊಡುತ್ತದೆ. ಬಂದ ಮೇಲ್‌ಗೆ ಏನು ಮಾಡಬೇಕು ಅನ್ನುವ ನಿಯಮ ಬರೆಯುವ ಭಾಷೆ ಸೀವ್. ಡವ್‌ಕಾಟ್ ಒಳಗೆ ಪಿಜನ್‌ಹೋಲ್ ಅನ್ನುವ ಸೀವ್ ಪ್ಲಗಿನ್ ಇದೆ. ರಜೆಯ ಉತ್ತರ ಹುಟ್ಟುವುದು ಅಲ್ಲಿ. ಬಳಕೆದಾರರು ರೌಂಡ್‌ಕ್ಯೂಬ್ ವೆಬ್‌ಮೇಲ್‌ನಲ್ಲಿ ರಜೆಯ ಸಂದೇಶ ತುಂಬುತ್ತಾರೆ. ರೌಂಡ್‌ಕ್ಯೂಬ್ ಅದನ್ನು ಸೀವ್ ಸ್ಕ್ರಿಪ್ಟ್ ಮಾಡಿ, ಮ್ಯಾನೇಜ್‌ಸೀವ್ ಮೂಲಕ 4190ನೇ ಪೋರ್ಟ್‌ಗೆ ಕಳಿಸುತ್ತದೆ. ಸೆಟ್ಟಿಂಗ್ ಹೆಸರುಗಳನ್ನು ಡವ್‌ಕಾಟ್ 2.3ರ ಪ್ರಕಾರ ಹೇಳುತ್ತಿದ್ದೇನೆ. 2025ರ ಜನವರಿಯಲ್ಲಿ ಬಂದ 2.4ರಲ್ಲಿ ಕಾನ್ಫಿಗ್ ಬರೆಯುವ ರೀತಿಯೇ ಬದಲಾಗಿದೆ, ಹಳೆಯ ಫೈಲ್ ಹಾಗೇ ನಡೆಯುವುದಿಲ್ಲ. ಅಪ್‌ಗ್ರೇಡ್ ಮಾಡಿದ ಮರುದಿನವೇ ಆಟೋ ರಿಪ್ಲೈ ನಿಂತಿದ್ದರೆ ಮೊದಲ ಅನುಮಾನ ಅಲ್ಲೇ ಇರಲಿ.

ಮೊದಲು ಲಾಗ್, ಆಮೇಲೆ ಉಳಿದಿದ್ದು

ಟೆಸ್ಟ್ ಮೇಲ್ ಕಳಿಸುವುದರಲ್ಲೇ ಅರ್ಧ ಜನ ಎಡವುತ್ತಾರೆ. ನಿಮ್ಮ ವಿಳಾಸದಿಂದ ನಿಮಗೇ ಕಳಿಸಿಕೊಂಡು ನೋಡಬೇಡಿ. ತನಗೆ ತಾನೇ ಉತ್ತರ ಹೇಳಿಕೊಳ್ಳಬಾರದು ಅಂತ ಪಿಜನ್‌ಹೋಲ್‌ಗೆ ಗೊತ್ತು. ನಿನ್ನೆ ಟೆಸ್ಟ್ ಮಾಡಿದ ವಿಳಾಸದಿಂದಲೇ ಇವತ್ತು ಮತ್ತೆ ಮಾಡಬೇಡಿ. ಒಬ್ಬರಿಗೆ ಒಂದು ಸಲ ಉತ್ತರ ಕೊಟ್ಟರೆ ಆಮೇಲೆ 7 ದಿನ ಅದು ಸುಮ್ಮನಿರುತ್ತದೆ. ಬೇರೆ ಸಂಸ್ಥೆಯ ಹೊಸ ವಿಳಾಸದಿಂದ, ಗುರುತು ಸಿಗುವಂಥ ವಿಷಯ ಬರೆದು, ಒಂದೇ ಒಂದು ಮೇಲ್ ಹಾಕಿ. ಹಾಕಿದ ಹೊತ್ತು ಬರೆದಿಟ್ಟುಕೊಳ್ಳಿ.

ಡೆಬಿಯನ್ ಕಡೆ ಲಾಗ್ ಇರುವುದು /ವಾರ್/ಲಾಗ್/ಮೇಲ್.ಲಾಗ್‌ನಲ್ಲಿ. ರೆಡ್‌ಹ್ಯಾಟ್ ಕಡೆ ಅದೇ ಜಾಗದಲ್ಲಿ ಮೇಲ್‌ಲಾಗ್ ಅಂತ ಇರುತ್ತದೆ, ನಡುವೆ ಚುಕ್ಕಿ ಇಲ್ಲ. ಡೆಬಿಯನ್ 12ರಿಂದ, ಈ ಲಾಗ್ ಫೈಲ್ ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ. ಆಗ ಫೈಲ್ ಇಲ್ಲವಲ್ಲ ಅಂತ ಗಾಬರಿಯಾಗಬೇಡಿ, ಜರ್ನಲ್‌ಸಿಟಿಎಲ್ ಆಜ್ಞೆಯನ್ನು ಕೇಳಿ.

ಪೋಸ್ಟ್‌ಫಿಕ್ಸ್ ಸಾಲಿನಲ್ಲಿ ಮೆಸೇಜ್ ಐಡಿ ಸಿಗುತ್ತದೆ. ಅದನ್ನು ಹಿಡಿದು ಡವ್‌ಕಾಟ್ ಸಾಲುಗಳಿಗೆ ಬನ್ನಿ. ಅಲ್ಲಿ ಮೂರರಲ್ಲಿ ಒಂದು ಕಾಣುತ್ತದೆ. ಸೀವ್ ಹೆಸರೇ ಇಲ್ಲದಿದ್ದರೆ ಅದು ಎದ್ದೇ ಇಲ್ಲ. 'ಡಿಸ್‌ಕಾರ್ಡ್' ಅನ್ನುವ ಪದ ಇದ್ದರೆ ಎದ್ದು, ಯೋಚಿಸಿ, ಬೇಡ ಅಂತ ಬಿಟ್ಟಿದೆ. 'ಸೆಂಟ್ ವೆಕೇಶನ್ ರೆಸ್ಪಾನ್ಸ್' ಅಂತ ಇದ್ದರೆ ಅದರ ಕೆಲಸ ಮುಗಿದಿದೆ, ಉತ್ತರ ದಾರಿಯಲ್ಲಿ ಎಲ್ಲೋ ಕಳೆದಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಯಾವುದು ಅಂತ ಗೊತ್ತಾಗುವವರೆಗೆ ಯಾವ ಫೈಲನ್ನೂ ಮುಟ್ಟಬೇಡಿ.

ಎದ್ದೇ ಇಲ್ಲ ಅನ್ನುವಾಗ

ಲಾಗ್‌ನಲ್ಲಿ ಪೋಸ್ಟ್‌ಫಿಕ್ಸ್‌ನ ಡೆಲಿವರಿ ಸಾಲು ನೋಡಿ. ಅಲ್ಲಿ ರಿಲೇ ಅಂತ ಇರುವ ಕಡೆ ವರ್ಚುವಲ್ ಅಥವಾ ಲೋಕಲ್ ಅಂತ ಬರೆದಿದ್ದರೆ, ಪೋಸ್ಟ್‌ಫಿಕ್ಸ್ ತಾನೇ ಮೇಲನ್ನು ಬಳಕೆದಾರರ ಮೇಲ್ ಫೋಲ್ಡರ್‌ಗೆ ಹಾಕಿ ಕೈ ತೊಳೆದುಕೊಂಡಿದೆ. ಡವ್‌ಕಾಟ್‌ಗೆ ಮೇಲ್ ಬಂದಿದ್ದೇ ಗೊತ್ತಿಲ್ಲ. ಮನೆಯವರಿಗೆ ಹೇಳದೆ ಪೋಸ್ಟ್‌ಮ್ಯಾನ್ ಕಿಟಕಿಯಿಂದ ಕಾಗದ ಎಸೆದು ಹೋದ ಹಾಗೆ. ಮೇಲ್ ಮಾತ್ರ ಇನ್‌ಬಾಕ್ಸ್‌ನಲ್ಲಿ ಸರಿಯಾಗಿ ಕಾಣುತ್ತಿರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ನೋಡಬೇಕಾದ ಸೆಟ್ಟಿಂಗ್, ವರ್ಚುವಲ್ ಬಳಕೆದಾರರಾದರೆ (ಮೇಲ್ ಪೆಟ್ಟಿಗೆ ಮಾತ್ರ ಇದ್ದು ಸರ್ವರ್‌ನಲ್ಲಿ ಖಾತೆ ಇಲ್ಲದವರು) ವರ್ಚುವಲ್_ಟ್ರಾನ್ಸ್‌ಪೋರ್ಟ್, ಸಿಸ್ಟಂ ಬಳಕೆದಾರರಾದರೆ ಮೇಲ್‌ಬಾಕ್ಸ್_ಟ್ರಾನ್ಸ್‌ಪೋರ್ಟ್. ಅದು ಡವ್‌ಕಾಟ್‌ನ ಎಲ್‌ಎಂಟಿಪಿ ಸಾಕೆಟ್ ಕಡೆ ತೋರಿಸುತ್ತಿದೆಯೇ ಅಂತ ಪೋಸ್ಟ್‌ಕಾನ್ಫ್ ಆಜ್ಞೆಯಲ್ಲಿ ನೋಡಿ.

ಮೇಲ್ ಡವ್‌ಕಾಟ್ ತನಕ ಬಂದಿದೆ, ಆದರೂ ಸೀವ್ ಓಡಿಲ್ಲ ಅನ್ನಿ. ಇಲ್ಲೊಂದು ಸಣ್ಣ ಗುರುತು ಇದೆ. ಸೀವ್ ಇಲ್ಲದೆ ಡೆಲಿವರಿ ಆದರೆ ಡವ್‌ಕಾಟ್ 'ಸೇವ್ಡ್ ಮೇಲ್ ಟು ಇನ್‌ಬಾಕ್ಸ್' ಅಂತ ಬರೆಯುತ್ತದೆ. ಸೀವ್ ಮೂಲಕ ಆದರೆ 'ಸೀವ್' ಅಂತ ಶುರುವಾಗಿ 'ಸ್ಟೋರ್ಡ್ ಮೇಲ್ ಇನ್‌ಟು ಮೇಲ್‌ಬಾಕ್ಸ್' ಅಂತ ಬರೆಯುತ್ತದೆ. ಸೇವ್ಡ್, ಸ್ಟೋರ್ಡ್. ಒಂದು ಪದದ ವ್ಯತ್ಯಾಸ. ಮೊದಲನೆಯದು ಕಂಡರೆ ಪ್ರೋಟೋಕಾಲ್ ಎಲ್‌ಎಂಟಿಪಿ ಭಾಗದ ಮೇಲ್_ಪ್ಲಗಿನ್ಸ್ ಸಾಲಿನಲ್ಲಿ ಸೀವ್ ಬಿಟ್ಟುಹೋಗಿರಬಹುದು. ತುಂಬಾ ಜನ ಎಲ್‌ಡಿಎ (ಡವ್‌ಕಾಟ್‌ನ ಇನ್ನೊಂದು ಡೆಲಿವರಿ ಪ್ರೋಗ್ರಾಂ) ಭಾಗಕ್ಕೆ ಸೇರಿಸಿ ಎಲ್‌ಎಂಟಿಪಿ ಭಾಗಕ್ಕೆ ಸೇರಿಸುವುದು ಮರೆತಿರುತ್ತಾರೆ. ಡವ್‌ಕಾನ್ಫ್‌ಗೆ ಡ್ಯಾಶ್ ಎನ್ ಕೊಟ್ಟು ಓಡಿಸಿದರೆ ನಿಜವಾಗಿ ಜಾರಿಯಲ್ಲಿರುವುದು ಕಾಣುತ್ತದೆ. ಫೈಲ್ ತೆರೆದು ನೋಡುವುದಕ್ಕಿಂತ ಇದನ್ನೇ ನಂಬಿ. ಯಾವುದೋ ಹಳೆಯ ಫೈಲ್ ಕೊನೆಯಲ್ಲಿ ಬಂದು ನಿಮ್ಮ ಸಾಲನ್ನು ಅಳಿಸಿ ಕೂತಿರಬಹುದು.

ಪ್ಲಗಿನ್ ಇದೆ, ಸ್ಕ್ರಿಪ್ಟ್ ಇಲ್ಲ ಅನ್ನುವುದೂ ಉಂಟು. ಡವ್‌ಅಡ್ಮ್ ಆಜ್ಞೆಗೆ ಸೀವ್ ಲಿಸ್ಟ್ ಅಂತ ಹೇಳಿ, ಡ್ಯಾಶ್ ಯು ಜೊತೆ ಬಳಕೆದಾರರ ವಿಳಾಸ ಕೊಡಿ. ಸ್ಕ್ರಿಪ್ಟ್‌ಗಳ ಪಟ್ಟಿ ಬರುತ್ತದೆ. ಒಂದರ ಪಕ್ಕದಲ್ಲಿ 'ಆಕ್ಟಿವ್' ಅಂತ ಇರಬೇಕು. ಮೊಬೈಲ್ ಆ್ಯಪ್‌ನಿಂದ ಒಂದು, ವೆಬ್‌ಮೇಲ್‌ನಿಂದ ಇನ್ನೊಂದು ಸ್ಕ್ರಿಪ್ಟ್ ಮಾಡಿಕೊಂಡವರಲ್ಲಿ ಬೇರೆಯದೇ ಆಕ್ಟಿವ್ ಆಗಿರುತ್ತದೆ. ಒಂದು ಸಲಕ್ಕೆ ಒಂದೇ ಸ್ಕ್ರಿಪ್ಟ್ ಆಕ್ಟಿವ್ ಇರಲು ಸಾಧ್ಯ.

ಸ್ಕ್ರಿಪ್ಟ್‌ನಲ್ಲೇ ತಪ್ಪಿದ್ದರೆ ಸೀವ್ ಮೇಲನ್ನು ಕಳೆಯುವುದಿಲ್ಲ. ಇನ್‌ಬಾಕ್ಸ್‌ಗೆ ಹಾಕಿ, ತಕರಾರನ್ನು ಬಳಕೆದಾರರ ಹೋಮ್ ಫೋಲ್ಡರ್‌ನಲ್ಲಿ .ಡವ್‌ಕಾಟ್.ಸೀವ್.ಲಾಗ್ ಅನ್ನುವ ಫೈಲ್‌ನಲ್ಲಿ ಬರೆಯುತ್ತದೆ. ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಎಲ್ಎಸ್‌ಗೆ ಕಾಣುವುದಿಲ್ಲ, ಡ್ಯಾಶ್ ಎ ಹಾಕಬೇಕು. ಕೈಯಲ್ಲಿ ಸ್ಕ್ರಿಪ್ಟ್ ಬರೆಯುವವರು ಮೇಲೆ ರಿಕ್ವೈರ್ ಸಾಲಿನಲ್ಲಿ ವೆಕೇಶನ್ ಹೇಳುವುದನ್ನು ಮರೆಯುವುದೇ ಜಾಸ್ತಿ.

ಇನ್ನು ನಿಯಮಗಳ ಸಾಲು. ಸೀವ್ ಮೇಲಿನಿಂದ ಕೆಳಗೆ ಓದುತ್ತದೆ. 'ಆಫೀಸ್ ಮೇಲ್ ಎಲ್ಲ ಆಫೀಸ್ ಫೋಲ್ಡರ್‌ಗೆ ಹೋಗಲಿ, ಅಲ್ಲಿಗೆ ನಿಲ್ಲು' ಅನ್ನುವ ನಿಯಮ ಮೇಲಿದ್ದು, ರಜೆಯ ನಿಯಮ ಕೆಳಗಿದ್ದರೆ, ಆಫೀಸಿನವರಿಗೆ ಯಾರಿಗೂ ಉತ್ತರ ಹೋಗುವುದಿಲ್ಲ. ಹೊರಗಿನವರಿಗೆ ಹೋಗುತ್ತದೆ. ನೋಡಿದರೆ ಭೂತಚೇಷ್ಟೆ ಅನ್ನಿಸುತ್ತದೆ. ಸರ್ವರ್ ಮಟ್ಟದ ಸೀವ್_ಬಿಫೋರ್ ಸ್ಕ್ರಿಪ್ಟ್‌ನದೂ ಇದೇ ಕಥೆ. ಅದು ಮೇಲನ್ನು ಬೇರೆ ಫೋಲ್ಡರ್‌ಗೆ ಹಾಕಿ, ಕೀಪ್ ಅಂತ ಹೇಳದೆ ಮುಗಿಸಿದರೆ, ಬಳಕೆದಾರರ ಸ್ಕ್ರಿಪ್ಟ್ ಸರದಿಯೇ ಬರುವುದಿಲ್ಲ. ಸ್ಪ್ಯಾಮ್ ವಿಷಯದಲ್ಲಿ ನಮಗೆ ಬೇಕಾಗಿರುವುದೂ ಅದೇ. ಜಂಕ್‌ಗೆ ಹೋದ ಮೇಲ್‌ಗೆ ರಜೆಯ ಉತ್ತರ ಹೋಗಬಾರದು. ಸ್ಪ್ಯಾಮ್ ಕಳಿಸುವವರು ಬೇರೆ ಯಾರದೋ ವಿಳಾಸ ಹಾಕಿರುತ್ತಾರೆ. ನಮ್ಮ ಉತ್ತರ ಆ ಪಾಪದವರ ತಲೆಗೆ ಬೀಳುತ್ತದೆ, ನಮ್ಮ ಸರ್ವರ್ ಕಪ್ಪುಪಟ್ಟಿಗೆ ಸೇರುತ್ತದೆ.

ದಿನಾಂಕ ಹಾಕಿದ ರಜೆಯಲ್ಲಿ ಒಂದು ತಮಾಷೆ ಇದೆ. ಸರ್ವರ್ ಗಡಿಯಾರ ಯುಟಿಸಿಯಲ್ಲಿದ್ದು (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ), ಸ್ಕ್ರಿಪ್ಟ್‌ನ ಕರೆಂಟ್‌ಡೇಟ್ ಪರೀಕ್ಷೆಯಲ್ಲಿ ವಲಯ ಹೇಳದಿದ್ದರೆ, ಅದು ಸರ್ವರ್‌ನ ದಿನವನ್ನೇ ಹಿಡಿಯುತ್ತದೆ. ಅಂದರೆ ನಮ್ಮ ರಜೆ ಶುರುವಾಗುವುದು ಬೆಳಗಿನ ಐದೂವರೆಗೆ, ಮುಗಿಯುವುದು ಮುಗಿದ ಮರುದಿನ ಬೆಳಗಿನ ಐದೂವರೆಗೆ. ಮಧ್ಯರಾತ್ರಿ ಟೆಸ್ಟ್ ಮಾಡುವ ನನ್ನಂಥವರಿಗೆ ಮಾತ್ರ ಇದು ಕಾಟ. ಝೋನ್ ಅಂತ +0530 ಕೊಟ್ಟರೆ ಸರಿಹೋಗುತ್ತದೆ.

ಬೇಕಂತಲೇ ಸುಮ್ಮನಿರುವಾಗ

ಮೇಡಂ ಪ್ರಕರಣ ಇಲ್ಲಿಯದು. ಡೀಲರ್ ಕಳಿಸಿದ ಮೇಲಿನ ಸಾಲು ಹುಡುಕಿದೆ. ಲಾಗ್‌ನಲ್ಲಿ ಸ್ಪಷ್ಟವಾಗಿ ಇತ್ತು. 'ಡಿಸ್‌ಕಾರ್ಡಿಂಗ್ ವೆಕೇಶನ್ ರೆಸ್ಪಾನ್ಸ್' ಅಂತ ಶುರು. ಆಮೇಲೆ ಕಾರಣ: ಮೇಲ್‌ನ ಹೆಡರ್‌ಗಳಲ್ಲಿ (ಟು, ಸಿಸಿ ಥರದ ತಲೆಸಾಲುಗಳಲ್ಲಿ) ಈ ಬಳಕೆದಾರರ ಗೊತ್ತಿರುವ ವಿಳಾಸ ಯಾವುದೂ ಇಲ್ಲ. ಮುಂದೆ ಅವರ ವಿಳಾಸ, ಬೇರೆ ವಿಳಾಸ ಏನೂ ಕೊಟ್ಟಿಲ್ಲ ಅನ್ನುವ ಮಾತು. ಮೂರು ಮೇಲ್, ಅಂಥವೇ ಮೂರು ಸಾಲು.

ಆದದ್ದು ಇಷ್ಟು. ಡೀಲರ್‌ಗಳಿಗೆ ನಾವು ಕೊಟ್ಟಿರುವುದು ಅಕೌಂಟ್ಸ್ ಅನ್ನುವ ಪೊದೆ ವಿಳಾಸ. ಪೊದೆ ಅನ್ನುವುದು ನಮ್ಮ ಆಫೀಸಿನ ಮಾತು. ಪೊದೆಯ ಹಿಂದೆ ಯಾರಿದ್ದಾರೆ ಅಂತ ಹೊರಗಿನವರಿಗೆ ಕಾಣುವುದಿಲ್ಲವಲ್ಲ, ಅದಕ್ಕೆ. ಅಲಿಯಾಸ್ ಅಂತ ಎಲ್ಲರೂ ಹೇಳುವುದು. ಪೋಸ್ಟ್‌ಫಿಕ್ಸ್‌ನ ವರ್ಚುವಲ್_ಅಲಿಯಾಸ್_ಮ್ಯಾಪ್ಸ್ ಅದನ್ನು ಮೇಡಂ ಪೆಟ್ಟಿಗೆಗೆ ತಿರುಗಿಸುತ್ತದೆ. ಆದರೆ ಮೇಲ್‌ನ ಟು ಸಾಲಿನಲ್ಲಿ ಅಕೌಂಟ್ಸ್ ಅಂತಲೇ ಉಳಿಯುತ್ತದೆ. ಸೀವ್ ಟು, ಸಿಸಿ ನೋಡುತ್ತದೆ. ಮೇಡಂ ಹೆಸರು ಎಲ್ಲೂ ಇಲ್ಲ. ಇದು ನೇರವಾಗಿ ಇವರಿಗೆ ಬರೆದದ್ದಲ್ಲ, ಯಾವುದೋ ಪಟ್ಟಿಯಿಂದಲೋ ಬಿಸಿಸಿಯಿಂದಲೋ ಬಂದಿದೆ ಅಂದುಕೊಂಡು ಬಿಡುತ್ತದೆ. 2008ರಲ್ಲಿ ಬಂದ ಆರ್‌ಎಫ್‌ಸಿ 5230 ಅನ್ನುವ ಇಂಟರ್ನೆಟ್ ಮಾನದಂಡದಲ್ಲಿ ಈ ನಿಯಮ ಇದೆ. ಸರಿಯಾದ ನಿಯಮವೇ. ಸಾವಿರ ಜನರ ಮೇಲಿಂಗ್ ಲಿಸ್ಟ್‌ಗೆ ಒಬ್ಬೊಬ್ಬರ ರಜೆಯ ಸುದ್ದಿಯೂ ಹೋಗಿ ಬಿದ್ದರೆ ಹೇಗಿರುತ್ತದೆ ಅಂತ ಯೋಚಿಸಿ.

ಮದ್ದು ಸುಲಭ. ವೆಕೇಶನ್ ಆಜ್ಞೆಗೆ ಅಡ್ರೆಸಸ್ ಅನ್ನುವ ಟ್ಯಾಗ್ ಇದೆ, ಅದರಲ್ಲಿ ಅಕೌಂಟ್ಸ್ ವಿಳಾಸ ಸೇರಿಸುವುದು. ರೌಂಡ್‌ಕ್ಯೂಬ್‌ನ ರಜೆ ಪುಟದಲ್ಲೂ ಇದಕ್ಕೆ ಜಾಗ ಇದೆ, ಎಲ್ಲ ವಿಳಾಸ ಒಟ್ಟಿಗೆ ತುಂಬುವ ಬಟನ್ನೂ ಇದೆ. ಆದರೆ ಅದು ತುಂಬುವುದು ಬಳಕೆದಾರರ ಐಡೆಂಟಿಟಿಗಳಿಂದ. ಅಕೌಂಟ್ಸ್ ಅನ್ನುವುದನ್ನು ಐಡೆಂಟಿಟಿಯಾಗಿ ಯಾರೂ ಸೇರಿಸಿರಲಿಲ್ಲ. ಹಾಗಾಗಿ ಆ ಬಟನ್ ಒತ್ತಿದ್ದರೂ ಮೇಡಂಗೆ ಪ್ರಯೋಜನ ಆಗುತ್ತಿರಲಿಲ್ಲ.

ಅಲಿಯಾಸ್‌ಗಳು ತುಂಬಾ ಇವೆ, ಒಬ್ಬೊಬ್ಬರಿಗೂ ಬರೆಯುತ್ತಾ ಕೂರಲು ಆಗಲ್ಲ ಅನ್ನುವವರಿಗೆ ಎರಡು ಸೆಟ್ಟಿಂಗ್ ಇವೆ. ಸೀವ್_ವೆಕೇಶನ್_ಯೂಸ್_ಒರಿಜಿನಲ್_ರೆಸಿಪಿಯೆಂಟ್ ಹಾಕಿದರೆ, ತಿರುಗಿಸುವ ಮೊದಲಿನ ವಿಳಾಸವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆ ಮೊದಲಿನ ವಿಳಾಸ ಡವ್‌ಕಾಟ್ ತನಕ ತಲುಪುತ್ತಿರಬೇಕು, ಅಷ್ಟೇ. ಇನ್ನೊಂದು ಸೀವ್_ವೆಕೇಶನ್_ಡೋಂಟ್_ಚೆಕ್_ರೆಸಿಪಿಯೆಂಟ್. ಇದು ಈ ಪರೀಕ್ಷೆಯನ್ನೇ ಕಿತ್ತು ಹಾಕುತ್ತದೆ. ಎಲ್ಲರೂ ಮೊದಲು ಇದನ್ನೇ ಹಾಕುತ್ತಾರೆ, ಯಾಕಂದ್ರೆ ತಕ್ಷಣ ಕೆಲಸ ಮಾಡುತ್ತದೆ. ನಾನು ಹಾಕುವುದಿಲ್ಲ. ಜ್ವರ ಬಂತು ಅಂತ ಥರ್ಮಾಮೀಟರ್ ಒಡೆದ ಹಾಗೆ ಅದು.

ಸುಮ್ಮನಿರುವ ಬೇರೆ ಕಾರಣಗಳನ್ನು ಬೇಗ ಹೇಳಿಬಿಡುತ್ತೇನೆ. ಬಂದ ಮೇಲ್‌ನ ಲಕೋಟೆಯಲ್ಲಿ (ಸರ್ವರ್‌ಗಳು ತಮ್ಮೊಳಗೆ ಹೇಳಿಕೊಳ್ಳುವ ವಿಳಾಸಗಳಲ್ಲಿ) ಕಳುಹಿಸಿದವರ ಜಾಗ ಖಾಲಿ ಇದ್ದರೆ ಉತ್ತರ ಇಲ್ಲ. ಮೈಲರ್-ಡೀಮನ್, ಲಿಸ್ಟ್‌ಸರ್ವ್, ಮೇಜರ್‌ಡೊಮೊ, ಓನರ್- ಅಂತ ಶುರುವಾಗುವವು, -ರಿಕ್ವೆಸ್ಟ್ ಅಂತ ಮುಗಿಯುವವು, ಇವರಿಗೂ ಇಲ್ಲ. ಲಿಸ್ಟ್-ಐಡಿ ಥರದ ಹೆಡರ್ ಇದ್ದರೆ, ಪ್ರಿಸಿಡೆನ್ಸ್ ಬಲ್ಕ್ ಅಂತ ಇದ್ದರೆ ಇಲ್ಲ. ಆಟೋ-ಸಬ್ಮಿಟೆಡ್ ಹೆಡರ್ 'ನೋ' ಬಿಟ್ಟು ಬೇರೆ ಏನೇ ಆಗಿದ್ದರೂ ಇಲ್ಲ. 'ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಕಳಿಸಿದರೆ ರಜೆಯ ಉತ್ತರ ಬರಲ್ಲ' ಅನ್ನುವ ದೂರು ಬಂದರೆ ಈ ಕೊನೆಯ ಎರಡನ್ನು ನೋಡಿ. ಬರದಿರುವುದೇ ಸರಿ.

ಒಮ್ಮೆ ಉತ್ತರ ಕೊಟ್ಟವರ ಲೆಕ್ಕ ಇರುವುದು ಹೋಮ್ ಫೋಲ್ಡರ್‌ನ .ಡವ್‌ಕಾಟ್.ಎಲ್‌ಡಿಎ-ಡೂಪ್ಸ್ ಫೈಲ್‌ನಲ್ಲಿ. ಲಾಗ್‌ನಲ್ಲಿ 'ಡೂಪ್ಲಿಕೇಟ್' ಅಂತ ಬಂದರೆ ಕಾರಣ ಅದು. ಟೆಸ್ಟ್ ಮಾಡುವ ಪೆಟ್ಟಿಗೆಯಾದರೆ ಆ ಫೈಲ್ ಅಳಿಸಿ ಮತ್ತೆ ಪ್ರಯತ್ನಿಸಬಹುದು. ಡೇಸ್ ಅಂತ ಏನೂ ಹೇಳದಿದ್ದರೆ 7 ದಿನ. ಕಡಿಮೆ ಅಂದರೆ 1 ದಿನ, ಅದಕ್ಕಿಂತ ಇಳಿಸಬೇಕಾದರೆ ಸೀವ್_ವೆಕೇಶನ್_ಮಿನ್_ಪೀರಿಯಡ್ ಮುಟ್ಟಬೇಕು. ಇನ್ನೊಂದು ವಿಷಯ ಗಮನದಲ್ಲಿರಲಿ. ಹ್ಯಾಂಡಲ್ ಅನ್ನುವ ಹೆಸರು ಕೊಡದಿದ್ದರೆ, ಸಂದೇಶದ ಪಠ್ಯ, ವಿಷಯ ಇವುಗಳಿಂದಲೇ ಗುರುತು ಹುಟ್ಟುತ್ತದೆ. ಪಠ್ಯದಲ್ಲಿ ಒಂದು ಅಕ್ಷರ ಬದಲಿಸಿದರೂ ಅದು ಹೊಸ ರಜೆ. ಹಳಬರಿಗೂ ಮತ್ತೊಮ್ಮೆ ಉತ್ತರ ಹೋಗುತ್ತದೆ.

ಸೀವ್-ಟೆಸ್ಟ್ ಅನ್ನುವ ಉಪಕರಣ ಇದೆ. ಸ್ಕ್ರಿಪ್ಟ್ ಮತ್ತು ಒಂದು ಮೇಲ್ ಫೈಲ್ ಕೊಟ್ಟರೆ ಏನೇನು ಮಾಡುತ್ತಿತ್ತು ಅಂತ ಹೇಳುತ್ತದೆ. ಒಳ್ಳೆಯದೇ, ಆದರೆ ಅದರ ಮಾತನ್ನು ಪೂರ್ತಿ ನಂಬಬೇಡಿ. ಸ್ಕ್ರಿಪ್ಟ್ ವೆಕೇಶನ್ ತನಕ ತಲುಪುತ್ತದೆಯೇ ಅಂತ ಮಾತ್ರ ಅದು ಹೇಳುತ್ತದೆ. ಮೇಲೆ ಹೇಳಿದ ಸುಮ್ಮನಿರುವ ನಿಯಮಗಳು ಬರುವುದು ನಿಜವಾಗಿ ಕಳಿಸುವ ಹೊತ್ತಿಗೆ. ಡೀಲರ್‌ರ ಮೇಲನ್ನೇ ಸೀವ್-ಟೆಸ್ಟ್‌ಗೆ ಕೊಟ್ಟಿದ್ದರೂ 'ಉತ್ತರ ಕಳಿಸುತ್ತೇನೆ' ಅಂತಲೇ ಅನ್ನುತ್ತಿತ್ತು.

ಕಳಿಸಿದೆ, ತಲುಪಿಲ್ಲ

ಈ ಭಾಗದಲ್ಲಿ ನಾನು ಒಮ್ಮೆ ಇಡೀ ಮಧ್ಯಾಹ್ನ ಕಳೆದಿದ್ದೇನೆ. ಡವ್‌ಕಾಟ್ 'ಕಳಿಸಿದೆ' ಅನ್ನುತ್ತದೆ. ಪೋಸ್ಟ್‌ಫಿಕ್ಸ್ ಲಾಗ್‌ನಲ್ಲಿ ಕಳುಹಿಸಿದವರ ಹೆಸರು ಹಾಕಿ ಗ್ರೆಪ್ ಮಾಡಿದರೆ ಏನೂ ಸಿಗುವುದಿಲ್ಲ. ಸಿಗುವುದೂ ಇಲ್ಲ. ರಜೆಯ ಉತ್ತರದ ಲಕೋಟೆಯಲ್ಲಿ ಕಳುಹಿಸಿದವರ ಜಾಗ ಬೇಕಂತಲೇ ಖಾಲಿ ಇರುತ್ತದೆ, ಲಾಗ್‌ನಲ್ಲಿ <> ಅಂತ ಮಾತ್ರ ಕಾಣುತ್ತದೆ. ಉತ್ತರ ವಾಪಸ್ ಬಂದರೆ ಅದಕ್ಕೆ ಮತ್ತೆ ಉತ್ತರ, ಅದಕ್ಕೆ ಇನ್ನೊಂದು ಅಂತ ಸುತ್ತು ಹೊಡೆಯಬಾರದು ಅನ್ನುವುದಕ್ಕೆ ಈ ಏರ್ಪಾಡು. 2004ರ ಆರ್‌ಎಫ್‌ಸಿ 3834 ಕೂಡ ಹೀಗೇ ಮಾಡಿ ಅನ್ನುತ್ತದೆ. ಹಾಗಾಗಿ ಹುಡುಕಬೇಕಾದದ್ದು ಯಾರಿಗೆ ಹೋಯಿತೋ ಅವರ ವಿಳಾಸ ಹಾಕಿ.

ಖಾಲಿ ಲಕೋಟೆಗೆ ಇನ್ನೊಂದು ಪರಿಣಾಮ ಇದೆ. ಆ ಉತ್ತರವನ್ನು ಎದುರಿನ ಸರ್ವರ್ ತಳ್ಳಿದರೆ ಬೌನ್ಸ್, ಅಂದರೆ ತಲುಪಲಿಲ್ಲ ಅನ್ನುವ ವಾಪಸ್ ಸುದ್ದಿ, ಯಾರಿಗೂ ಬರುವುದಿಲ್ಲ. ಪೋಸ್ಟ್‌ಫಿಕ್ಸ್‌ನ ನೋಟಿಫೈ_ಕ್ಲಾಸಸ್‌ಗೆ ಡಬಲ್ ಬೌನ್ಸ್ ಸೇರಿಸದಿದ್ದರೆ ಪೋಸ್ಟ್‌ಮಾಸ್ಟರ್‌ಗೂ ಗೊತ್ತಾಗುವುದಿಲ್ಲ. ಲಾಗ್ ಒಂದೇ ಸಾಕ್ಷಿ.

ಯಾಕೆ ತಳ್ಳುತ್ತಾರೆ? ಈಗಿನ ದಿನಗಳಲ್ಲಿ ಮುಖ್ಯ ಕಾರಣ ಸಹಿ. 2024ರ ಫೆಬ್ರವರಿಯಿಂದ ಜಿಮೇಲ್, ತನಗೆ ಮೇಲ್ ಕಳಿಸುವ ಎಲ್ಲರೂ ಎಸ್‌ಪಿಎಫ್ (ಈ ಡೊಮೇನ್ ಪರವಾಗಿ ಯಾವ ಸರ್ವರ್ ಕಳಿಸಬಹುದು ಅನ್ನುವ ದಾಖಲೆ) ಅಥವಾ ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ), ಎರಡರಲ್ಲಿ ಒಂದನ್ನಾದರೂ ಇಟ್ಟುಕೊಂಡಿರಬೇಕು ಅನ್ನುತ್ತದೆ. ಮಾಮೂಲಿ ಮೇಲ್‌ಗಳಿಗೆ ನಮ್ಮಲ್ಲಿ ಎರಡೂ ಇರುತ್ತವೆ. ರಜೆಯ ಉತ್ತರಕ್ಕೆ ಎರಡೂ ಕೈಕೊಡಬಹುದು. ಲಕೋಟೆ ಖಾಲಿ ಇದ್ದಾಗ ಎಸ್‌ಪಿಎಫ್ ನೋಡುವುದು ಸಂಪರ್ಕದ ಶುರುವಿನ ಹೆಲೋದಲ್ಲಿ ಹೇಳಿದ ಸರ್ವರ್ ಹೆಸರನ್ನು. ನಾವು ಎಸ್‌ಪಿಎಫ್ ದಾಖಲೆ ಹಾಕಿರುವುದು ಡೊಮೇನ್‌ಗೆ, ಸರ್ವರ್ ಹೆಸರಿಗೆ ಹಾಕಿರುವುದಿಲ್ಲ. ಡಿಕಿಮ್ ವಿಷಯ ಇನ್ನೂ ಸೊಗಸು. ಡವ್‌ಕಾಟ್ ಉತ್ತರವನ್ನು ಸೆಂಡ್‌ಮೇಲ್ ಆಜ್ಞೆಯ ಮೂಲಕ ಪೋಸ್ಟ್‌ಫಿಕ್ಸ್‌ಗೆ ಕೊಡುತ್ತದೆ. ಅದು ಹಿತ್ತಲ ಬಾಗಿಲು. ಸಹಿ ಹಾಕುವ ಮಿಲ್ಟರ್ (ಪೋಸ್ಟ್‌ಫಿಕ್ಸ್‌ಗೆ ಜೋಡಿಸಿದ ಪ್ರೋಗ್ರಾಂ) ನಿಂತಿರುವುದು ಮುಂಬಾಗಿಲಲ್ಲಿ, ಅಂದರೆ ಎಸ್‌ಎಂಟಿಪಿಡಿ_ಮಿಲ್ಟರ್ಸ್‌ನಲ್ಲಿ. ಹಿತ್ತಲಿಂದ ಬಂದವರಿಗೆ ಸಹಿ ಇಲ್ಲ. ಲಾಗ್‌ನಲ್ಲಿ ಜಿಮೇಲ್‌ನಿಂದ 550, ಜೊತೆಗೆ 5.7.26 ಅಂತ ಕಂಡರೆ ಇದೇ ಕಥೆ.

ಎರಡು ದಾರಿ ಇವೆ. ನಾನ್_ಎಸ್‌ಎಂಟಿಪಿಡಿ_ಮಿಲ್ಟರ್ಸ್‌ನಲ್ಲೂ ಅದೇ ಮಿಲ್ಟರ್ ಹೆಸರಿಸುವುದು ಒಂದು. ಡವ್‌ಕಾಟ್‌ನಲ್ಲಿ ಸಬ್ಮಿಷನ್_ಹೋಸ್ಟ್ ಅಂತ ಲೋಕಲ್‌ಹೋಸ್ಟ್‌ನ 25ನೇ ಪೋರ್ಟ್ ಕೊಟ್ಟು, ಉತ್ತರವೂ ಮುಂಬಾಗಿಲಿಂದಲೇ ಬರುವ ಹಾಗೆ ಮಾಡುವುದು ಇನ್ನೊಂದು. ನನಗೆ ಎರಡನೆಯದೇ ಇಷ್ಟ. ಅದಕ್ಕೆ ಬೇರೊಂದು ಕಾರಣವೂ ಇದೆ. ಸೆಂಡ್‌ಮೇಲ್ ಆಜ್ಞೆ ಒಳಗಿಂದ ಪೋಸ್ಟ್‌ಡ್ರಾಪ್ ಕರೆಯುತ್ತದೆ. ಪೋಸ್ಟ್‌ಡ್ರಾಪ್‌ಗೆ ಸೆಟ್‌ಜಿಐಡಿ, ಅಂದರೆ ಬೇರೊಂದು ಗುಂಪಿನ ಹಕ್ಕಿನಲ್ಲಿ ಓಡುವ ಅನುಮತಿ ಬೇಕು. ಡವ್‌ಕಾಟ್‌ನ ಸಿಸ್ಟಂಡಿ ಯೂನಿಟ್‌ನಲ್ಲಿ ಯಾರಾದರೂ ಭದ್ರತೆಗೆ ಅಂತ ನೋನ್ಯೂಪ್ರಿವಿಲೇಜಸ್ ಹಾಕಿದ್ದರೆ ಆ ಅನುಮತಿ ಕೆಲಸ ಮಾಡುವುದಿಲ್ಲ. 'ಮೇಲ್‌ಡ್ರಾಪ್' ಮತ್ತು 'ಪರ್ಮಿಷನ್ ಡಿನೈಡ್' ಒಂದೇ ಸಾಲಿನಲ್ಲಿ ಕಂಡರೆ ಇದನ್ನು ಅನುಮಾನಿಸಿ. ಕಂಟೇನರ್‌ನಲ್ಲಿ ಡವ್‌ಕಾಟ್ ಓಡಿಸುವವರಿಗೆ ಸೆಂಡ್‌ಮೇಲ್ ಫೈಲೇ ಇರುವುದಿಲ್ಲ. ಅವರಿಗಂತೂ ಸಬ್ಮಿಷನ್_ಹೋಸ್ಟ್ ಬಿಟ್ಟು ಗತಿ ಇಲ್ಲ.

ಹೊರಗಿನ ರಿಲೇ ಮೂಲಕ ಮೇಲ್ ಕಳಿಸುವವರಿಗೆ ಒಂದು ಮಾತು. ಕೆಲವು ರಿಲೇಗಳು ಖಾಲಿ ಲಕೋಟೆ ಒಪ್ಪುವುದಿಲ್ಲ. ಕಳುಹಿಸಿದವರನ್ನು ನೋಡಿ ರಿಲೇ ಆಯ್ಕೆ ಮಾಡುವ ಟೇಬಲ್ ಇದ್ದರೆ, ಅದರಲ್ಲಿ ಖಾಲಿ ವಿಳಾಸಕ್ಕೂ ಒಂದು ಸಾಲು ಬೇಕು. ಪೋಸ್ಟ್‌ಫಿಕ್ಸ್ ಅದನ್ನು <> ಅನ್ನುವ ಹೆಸರಲ್ಲೇ ಹುಡುಕುತ್ತದೆ. ಏನೂ ಆಗಲಿಲ್ಲ ಅಂದರೆ ಸೀವ್_ವೆಕೇಶನ್_ಸೆಂಡ್_ಫ್ರಮ್_ರೆಸಿಪಿಯೆಂಟ್ ಹಾಕಿ ಲಕೋಟೆಗೆ ಬಳಕೆದಾರರ ವಿಳಾಸ ತುಂಬಿಸಬಹುದು. ಆಗ ಬೌನ್ಸ್‌ಗಳು ರಜೆಯಲ್ಲಿರುವವರ ಪೆಟ್ಟಿಗೆಗೇ ಬಂದು ಬೀಳುತ್ತವೆ.

ಜಾಸ್ತಿ ಮಾತಾಡುವಾಗ

ಉತ್ತರ ಹೋಗದ ದೂರು ಹತ್ತು ಬಂದರೆ ಜಾಸ್ತಿ ಹೋಯಿತು ಅನ್ನುವ ದೂರು ಒಂದು ಬರುತ್ತದೆ. ಆ ಒಂದೇ ಭಯಂಕರ.

ಪ್ರತಿ ಮೇಲ್‌ಗೂ ಉತ್ತರ ಹೋಗುತ್ತಿದ್ದರೆ ಹೋಮ್ ಫೋಲ್ಡರ್ ನೋಡಿ. ವರ್ಚುವಲ್ ಬಳಕೆದಾರರಿಗೆ ಯೂಸರ್‌ಡಿಬಿಯಲ್ಲಿ (ಡವ್‌ಕಾಟ್‌ನ ಬಳಕೆದಾರರ ಪಟ್ಟಿಯಲ್ಲಿ) ಹೋಮ್ ಕೊಟ್ಟಿರದಿದ್ದರೆ ಡೂಪ್ಸ್ ಫೈಲ್ ಇಡಲು ಜಾಗ ಇಲ್ಲ. ಯಾರಿಗೆ ಹೇಳಿದೆ ಅನ್ನುವುದು ನೆನಪಿಲ್ಲದವರ ಹಾಗೆ ಸರ್ವರ್ ಹೇಳಿದ್ದನ್ನೇ ಹೇಳುತ್ತದೆ. ಲಾಗ್‌ನಲ್ಲಿ ಹೋಮ್ ಇಲ್ಲ ಅಂತ ದೂರು ಇರುತ್ತದೆ, ಆದರೆ ಉತ್ತರ ಹೋಗುತ್ತಲೇ ಇರುವುದರಿಂದ ಯಾರೂ ಲಾಗ್ ಕಡೆ ತಿರುಗುವುದಿಲ್ಲ.

ಹಳೆಯ ಸರ್ವರ್‌ಗಳಲ್ಲಿ .ಫಾರ್ವರ್ಡ್ ಫೈಲ್‌ನಲ್ಲೋ ಪ್ರೊಕ್‌ಮೇಲ್ ನಿಯಮದಲ್ಲೋ ಬರೆದಿಟ್ಟ ಉತ್ತರಗಳು ಇನ್ನೂ ಸಿಗುತ್ತವೆ. ಎರಿಕ್ ಆಲ್ಮನ್ ಬರೆದ ವೆಕೇಶನ್ ಪ್ರೋಗ್ರಾಂ 4.3 ಬಿಎಸ್‌ಡಿ ಕಾಲದಿಂದ ಇದೆ. ಅದು ಒಬ್ಬರಿಗೆ ವಾರಕ್ಕೊಂದೇ ಉತ್ತರ ಅಂತ ಲೆಕ್ಕ ಇಡುತ್ತದೆ, ತಕರಾರಿಲ್ಲ. ಕಾಟ ಕೊಡುವುದು ನಾವೇ ನಾಲ್ಕು ಸಾಲಿನಲ್ಲಿ ಗೀಚಿದ ಶೆಲ್ ಸ್ಕ್ರಿಪ್ಟ್‌ಗಳು. ಲೆಕ್ಕ ಇಲ್ಲ, ಆಟೋ-ಸಬ್ಮಿಟೆಡ್ ಹೆಡರ್ ಇಲ್ಲ, ಲಕೋಟೆ ಬಿಟ್ಟು ಫ್ರಮ್ ಸಾಲಿಗೆ ಉತ್ತರ. ಆ ಕಡೆಯೂ ಇಂಥದ್ದೇ ಒಂದು ಇದ್ದರೆ ಎರಡೂ ಬೆಳಗಾಗುವವರೆಗೆ 'ನಾನು ರಜೆಯಲ್ಲಿದ್ದೇನೆ', 'ನಾನೂ ರಜೆಯಲ್ಲಿದ್ದೇನೆ' ಅಂತ ಮಾತಾಡಿಕೊಳ್ಳುತ್ತವೆ. ಕ್ಯೂ ತುಂಬುತ್ತಿದ್ದರೆ ಮೊದಲು ಪೋಸ್ಟ್‌ಸೂಪರ್‌ನಿಂದ ಆ ವಿಳಾಸದ ಮೇಲ್‌ಗಳನ್ನು ಹೋಲ್ಡ್‌ಗೆ ಹಾಕಿ, ಆಮೇಲೆ ಸ್ಕ್ರಿಪ್ಟ್ ಹುಡುಕಿ.

.ಫಾರ್ವರ್ಡ್ ಫೈಲ್ ಓದುವುದು ಪೋಸ್ಟ್‌ಫಿಕ್ಸ್‌ನ ಲೋಕಲ್ ಮಾತ್ರ. ವರ್ಚುವಲ್ ಬಳಕೆದಾರರಿಗೆ ಅದನ್ನು ಇಟ್ಟು ಕಾಯುವುದು ದಂಡ.

ಉತ್ತರದ ಒಳಗೆ ಏನಿತ್ತು

ಮೇಡಂ ಸ್ಕ್ರಿಪ್ಟ್‌ಗೆ ಅಕೌಂಟ್ಸ್ ವಿಳಾಸ ಸೇರಿಸಿದೆ. ಡೀಲರ್‌ಗೆ ಇನ್ನೊಂದು ಮೇಲ್ ಹಾಕಲು ಹೇಳಿಸಿದೆ. ಲಾಗ್‌ನಲ್ಲಿ 'ಸೆಂಟ್' ಬಂತು, ಡೀಲರ್ ಕಡೆಯ ಜಿಮೇಲ್ 250, ಅಂದರೆ ತೆಗೆದುಕೊಂಡೆ, ಅಂದಿತು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮತ್ತೆ ಫೋನ್.

"ಸರ್, ಈಗ ಬಂತಂತೆ. ಆದ್ರೆ ಏನೋ ಫ್ರೆಂಚ್ ಥರ ಇದೆಯಂತೆ."

ಆಗ ನನ್ನ ಮೊಬೈಲ್‌ಗೆ ಬೆಳಿಗ್ಗೆ ಬಂದಿದ್ದ ಉತ್ತರ ತೆರೆದೆ. ವಿಷಯ ಕನ್ನಡದಲ್ಲಿ ಚೆನ್ನಾಗಿತ್ತು. ಒಳಗೆ ಮಾತ್ರ ತಲೆ ಮೇಲೆ ಗೆರೆ, ಚುಕ್ಕಿ ಇರುವ ರೋಮನ್ ಅಕ್ಷರಗಳ ಸಾಲು. ನಮ್ಮ ಕಡೆ ಆಫೀಸಲ್ಲಿ ಕೆಲಸ ಮಾಡಿದವರಿಗೆ ಇದು ನೋಡಿದ ಕೂಡಲೇ ಗೊತ್ತಾಗುತ್ತದೆ. ಮೇಡಂ ವಿಷಯವನ್ನು ವೆಬ್‌ಮೇಲ್‌ನಲ್ಲೇ ಟೈಪ್ ಮಾಡಿದ್ದರು. ಒಳಗಿನ ಪಠ್ಯವನ್ನು ಹಳೆಯ ರಜಾ ಪತ್ರದ ಫೈಲ್‌ನಿಂದ ಕಾಪಿ ಮಾಡಿದ್ದರು. ಆ ಫೈಲ್ ಹಳೆಯ ಆಸ್ಕಿ ಫಾಂಟ್‌ನದು. ಅದರಲ್ಲಿ ಇರುವುದು ನಿಜವಾಗಿ ರೋಮನ್ ಅಕ್ಷರಗಳೇ, ಫಾಂಟ್ ಮಾತ್ರ ಅವನ್ನು ಕನ್ನಡದ ಹಾಗೆ ಬಿಡಿಸಿ ತೋರಿಸುತ್ತದೆ. ಮೇಲ್ ಜೊತೆ ಫಾಂಟ್ ಹೋಗುವುದಿಲ್ಲವಲ್ಲ. ಸೀವ್ ಸ್ಕ್ರಿಪ್ಟ್ ಯುಟಿಎಫ್-8ರಲ್ಲಿರಬೇಕು, ಅದು ಇತ್ತು. ಸರ್ವರ್ ಕಣ್ಣಿಗೆ ಎಲ್ಲ ಸರಿಯಾಗಿತ್ತು. ಯಾವ ಲಾಗ್‌ನಲ್ಲೂ ಸಿಗದ ದೋಷ ಇದೊಂದೇ.

ನುಡಿ, ಬರಹ ಎರಡರಲ್ಲೂ ಯೂನಿಕೋಡ್‌ಗೆ ಪರಿವರ್ತಿಸುವ ಸೌಲಭ್ಯ ಇದೆ. ಐದು ಸಾಲಿಗೆ ಅಷ್ಟೆಲ್ಲ ಯಾಕೆ ಅಂತ ಮೇಡಂ ಅದನ್ನೇ ಮೊಬೈಲ್‌ನಲ್ಲಿ ಟೈಪ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದರು. ನಾನು ಹಾಗೇ ಸ್ಕ್ರಿಪ್ಟ್‌ಗೆ ಅಂಟಿಸಿದೆ. ಪಠ್ಯ ಬದಲಾಯಿತು, ಗುರುತೂ ಬದಲಾಯಿತು. ಹಾಗಾಗಿ ಡೂಪ್ಸ್ ಫೈಲ್ ಅಳಿಸಬೇಕಾಗಲಿಲ್ಲ. ಸಂಜೆ ಡೀಲರ್ ಬಿಲ್ ನಂಬರ್ ಕೇಳಿ ಮತ್ತೊಂದು ಮೇಲ್ ಹಾಕಿದಾಗ, ಏಳು ದಿನ ಕಾಯದೆ, ಈ ಸಲ ಕನ್ನಡದಲ್ಲೇ ಉತ್ತರ ಹೋಯಿತು: ಸೋಮವಾರ ಬರುತ್ತೇನೆ, ಅರ್ಜೆಂಟ್ ಇದ್ದರೆ ಆಫೀಸಿಗೆ ಫೋನ್ ಮಾಡಿ.